ಹತ್ತು ಜನರ ಟೇಬಲ್ಲಿಗೆ ಬಂದ ಬೇರಿಂಗ್ ಮಾಮ

ಆ ದುಬಾರಿ ಚೈನೀಸ್ ಹೋಟೆಲಿನ ಹದಿನಾಲ್ಕು ದುಂಡು ಟೇಬಲ್ಲುಗಳ ಹೊಟ್ಟೆಯೊಳಗಿನ ಗುಟ್ಟು ಬಲ್ಲವನು ಬೇರಿಂಗ್ ಮಾಮ ಒಬ್ಬನೇ. ಅಲ್ಲಿ ಊಟಕ್ಕೆ ಕೂತವರು ಎದ್ದು ಕೈ ಚಾಚಬೇಕಿಲ್ಲ. ಟೇಬಲ್ಲಿನ ನಡುವೆ ಗಾಜಿನ ದೊಡ್ಡ ಚಕ್ರವಿದೆ, ಒಂದು ಬೆರಳಲ್ಲಿ ತಳ್ಳಿದರೆ ಮೀನು, ಬಾತುಕೋಳಿ, ನೂಡಲ್ಸು ಎಲ್ಲ ತಾವಾಗಿಯೇ ಎದುರಿಗೆ ಬಂದು ನಿಲ್ಲುತ್ತವೆ. ಚಕ್ರ ಮಾತ್ರ ಸದ್ದು ಮಾಡಕೂಡದು. ಅದಕ್ಕಾಗಿ ಹದಿನೆಂಟು ವರ್ಷದಿಂದ ಪ್ರತಿ ಸೋಮವಾರ, ಹೋಟೆಲಿಗೆ ರಜೆಯಿರುವ ದಿನ, ಮಾಮ ಹಿಂಬಾಗಿಲಿನಿಂದ ಬರುತ್ತಿದ್ದ. ಟೇಬಲ್ಲಿನ ಕೆಳಗೆ ಅಂಗಾತ ಮಲಗಿ ನಟ್ಟು ಬಿಗಿದು, ಬೇರಿಂಗಿಗೆ ಗ್ರೀಸು ತುಂಬಿ, ಹಿಂಬಾಗಿಲಿನಿಂದಲೇ ಹೋಗುತ್ತಿದ್ದ. ಅಲ್ಲಿನ ಒಂದು ಅಗುಳನ್ನೂ ಬಾಯಿಗಿಟ್ಟವನಲ್ಲ. ಯಾರೂ ಬೇಡ ಅಂದಿರಲಿಲ್ಲ, ಯಾರೂ ಬಾ ಅಂದೂ ಇರಲಿಲ್ಲ.

ಈ ಸಲ ಬಾ ಅಂದರು. ಹೋಟೆಲಿಗೆ ಇಪ್ಪತ್ತೈದು ತುಂಬಿತ್ತು. ಯಜಮಾನರು ಖುದ್ದಾಗಿ ಫೋನು ಮಾಡಿ, "ಹಿಂಬಾಗಿಲಿನವರೆಲ್ಲ ಒಂದು ದಿನ ಮುಂಬಾಗಿಲಿಂದ ಬರಬೇಕು. ಸೋಮವಾರ ಸಂಜೆ ಹತ್ತು ಬಗೆಯ ಊಟ, ತಪ್ಪಿಸ್ಕೊಂಡ್ರೆ ನೋಡಿ ಮತ್ತೆ" ಎಂದು ಹೆದರಿಸಿದ್ದರು.

ಮಾಮನಿಗೆ ಐವತ್ತೆಂಟು. ಹೆಂಡತಿ ಹೋಗಿ ನಾಲ್ಕು ವರ್ಷ. ಮಕ್ಕಳಿಲ್ಲ. ವರ್ಕ್‌ಶಾಪಿನ ಮೇಲೊಂದು ಕೋಣೆ, ಕೋಣೆಯಲ್ಲೊಂದು ಕುಕ್ಕರು; ಅವರಿಬ್ಬರದೇ ಸಂಸಾರ. ಎರಡು ದಿನಕ್ಕಾಗುವಷ್ಟು ಒಂದೇ ಸಲ ಬೇಯಿಸಿಟ್ಟು, ರೇಡಿಯೋದಲ್ಲಿ ಯಾರಾದರೂ ಮಾತಾಡುತ್ತಿರುವ ಸ್ಟೇಷನ್ ಹುಡುಕಿ, ಉಂಡು ಮಲಗುವುದು. ಹಾಡಿನ ಸ್ಟೇಷನ್ ಅವನಿಗೆ ಬೇಡ, ಮಾತಿನದು ಬೇಕು. ಹಾಗಾಗಿ ಬಾತುಕೋಳಿಯ ಆಸೆಗೆ ಅವನು ಹೊರಟನೆಂದು ತಿಳಿಯಬೇಡಿ. "ಇನ್ನೊಂಚೂರು ಹಾಕ್ಕೊಳ್ಳಿ" ಎನ್ನುವ ಒಂದು ದನಿ ಕಿವಿಗೆ ಬಿದ್ದು ನಾಲ್ಕು ವರ್ಷವಾಗಿತ್ತು. ಒಂದೇ ಒಂದು ಸಂಜೆ ಹತ್ತು ಜನರ ನಡುವೆ ಕೂತು, ಉಂಡು, ನಾಲ್ಕು ಮಾತಾಡಿ ಬರಬೇಕು. ಅವನಿಗೆ ಬೇಕಾಗಿದ್ದು ಇಷ್ಟೇ, ಅದಕ್ಕಿಂತ ಹೆಚ್ಚು ಅವನಿಗೆ ಏನೂ ಬೇಕಾಗಿರಲಿಲ್ಲ. ಕನ್ನಡಿಯ ಮುಂದೆ ನಿಂತು ಮಾತು ಶುರುಮಾಡುವ ಬಗೆ ಕೂಡ ಅಭ್ಯಾಸ ಮಾಡಿದ. "ನಮಸ್ಕಾರ, ಊಟ ಆಯ್ತಾ?" ಅಂದ. ಊಟದ ಟೇಬಲ್ಲಿನಲ್ಲೇ ಕೂತು ಹಾಗೆ ಕೇಳಿದರೆ ಜನ ಏನಂದಾರು ಎಂದು ಹೊಳೆದು, ಅದನ್ನು ಕೈಬಿಟ್ಟ. ಹೊಸ ಶರಟು ತೊಟ್ಟ. ಹಳೇ ಚಾಳಿ ಎಲ್ಲಿ ಹೋಗುತ್ತದೆ, ಪ್ಯಾಂಟಿನ ಜೇಬಿಗೆ ಸ್ಪ್ಯಾನರನ್ನೂ ಇಳಿಬಿಟ್ಟ.

ಮಹಡಿಯ ಮೇಲೆ, ರಸ್ತೆಗೆ ತೆರೆದ ದೊಡ್ಡ ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಅವನಿಗೆ ಜಾಗ ಸಿಕ್ಕಿತು. ಈ ಟೇಬಲ್ಲನ್ನು ಮೇಲಿನಿಂದ ಕೂತು ನೋಡಿದ್ದು ಅದೇ ಮೊದಲು. ಎದುರಿಗೆ ಹೋಟೆಲಿಗೆ ಮೀನು ತರುವ ದಪ್ಪ ಮೀಸೆಯ ವ್ಯಾಪಾರಿ, ಅವನ ಹೆಂಡತಿ. ಎಡಕ್ಕೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಇಸ್ತ್ರಿಯ ಗೆರೆ ಕತ್ತಿಯಂತೆ ನಿಂತ ಸೀರೆ. ಆಕೆ ಕೂತವಳೇ ಅವನ ಕೈಯನ್ನು ದಿಟ್ಟಿಸಿದಳು.

"ಚಕ್ರ ರಿಪೇರಿ ಮಾಡೋರು ನೀವೇನಾ?"

"ಹೌದು."

"ಅಂತೂ ಕೈಗೆ ಸಿಕ್ಕಿದ್ರಲ್ಲ! ನಾನು ಇಲ್ಲಿನ ಲಾಂಡ್ರಿಯವಳು. ಹದಿನೆಂಟು ವರ್ಷದಿಂದ ನಿಮ್ಮ ಹೆಬ್ಬೆಟ್ಟು ಒಗೀತಾ ಇದೀನಿ ಕಣ್ರೀ. ಪ್ರತಿ ಮಂಗಳವಾರ ಬಿಳಿ ಟೇಬಲ್ ಬಟ್ಟೆ ಅಂಚಲ್ಲಿ ಕರೀ ಗ್ರೀಸು! ಎಡಗೈ ಹೆಬ್ಬೆರಳಲ್ಲಿ ಅಡ್ಡ ಗಾಯದ ಗೆರೆ ಇರಬೇಕಲ್ಲ, ತೋರಿಸಿ ನೋಡೋಣ."

ಮಾಮ ಕಳ್ಳನಂತೆ ಹೆಬ್ಬೆರಳು ತೋರಿಸಿದ. ಗೆರೆ ಇತ್ತು. ಟೇಬಲ್ಲೆಲ್ಲ ಗೊಳ್ಳೆಂದಿತು. ಅವನೂ ನಕ್ಕ, ಎಷ್ಟೋ ದಿನದ ಮೇಲೆ ಹಲ್ಲು ಕಾಣುವಂತೆ. ಸೂಪು ಬಂತು, ತೆಳುವಾದ ರೊಟ್ಟಿಯಲ್ಲಿ ಸುತ್ತಿ ತಿನ್ನುವ ಬಾತುಕೋಳಿ ಬಂತು. ಊಟದ ಕಡ್ಡಿಗಳು ಅವನ ಮಾತು ಕೇಳಲಿಲ್ಲ. ಸೂಜಿಯಷ್ಟು ಸಣ್ಣ ಸ್ಕ್ರೂ ಹಿಡಿಯುವ ಬೆರಳಿನಿಂದ ಒಂದು ಅಣಬೆ ಮೂರು ಸಲ ಜಾರಿ ಬಿತ್ತು. ಲಾಂಡ್ರಿಯಮ್ಮ ತನ್ನ ಕಡ್ಡಿಯನ್ನು ಪಕ್ಕಕ್ಕಿಟ್ಟು ಚಮಚ ಎತ್ತಿಕೊಂಡಳು. "ನಂಗೂ ಬರಲ್ಲ, ಬಿಡಿ. ಹೊಟ್ಟೆಗೇನು ಗೊತ್ತಾಗುತ್ತಾ?" ಎಂದು ಅವನಿಗೂ ಒಂದು ಚಮಚ ದಾಟಿಸಿದಳು.

ಇಡೀ ಮೀನು ಬಂದಾಗ ದೊಡ್ಡ ತುಂಡೊಂದನ್ನು ಅವನ ತಟ್ಟೆಗೆ ಹಾಕುತ್ತ ಆಕೆ ದನಿ ತಗ್ಗಿಸಿದಳು. "ಒಂದು ಮಾತು ಕೇಳ್ಬೇಕು ಅಂತಿದ್ದೆ. ನಾಲ್ಕು ವರ್ಷದ ಹಿಂದೆ ಮೂರು ವಾರ ಬಟ್ಟೆ ಮೇಲೆ ನಿಮ್ಮ ಕಲೆಯೇ ಬರಲಿಲ್ಲ. ಕೆಲಸ ಬಿಟ್ರೇನೋ ಅಂದ್ಕೊಂಡೆ. ಹುಷಾರಿರಲಿಲ್ವಾ?"

ಮಾಮನ ಚಮಚ ನಿಂತಿತು. ಆ ಮೂರು ವಾರ ಅವನು ಬರದಿದ್ದನ್ನು ಈ ಹೋಟೆಲಿನಲ್ಲಿ ಯಾರೂ ಕೇಳಿರಲಿಲ್ಲ. ನೆಂಟರೂ ಹದಿಮೂರು ದಿನಕ್ಕೆ ಎದ್ದು ಹೋಗಿದ್ದರು.

"ಹೆಂಡತಿ ತೀರ್ಕೊಂಡಿದ್ಲು," ಅಂದ.

"ಅಯ್ಯೋ." ಆಕೆ ಅವನ ಕಡೆ ತಿರುಗಿ, "ಈಗ ಮನೇಲಿ ಯಾರಿದಾರೆ? ಒಬ್ರೇನಾ?" ಅಂದಳು.

ಯಾರಾದರೂ ಇದನ್ನು ಕೇಳಲಿ ಎಂದೇ ಅವನು ಹೊಸ ಶರಟು ಹಾಕಿಕೊಂಡು ಬಂದದ್ದು. ಆದರೆ ಕೇಳಿದಾಗ ಕಣ್ಣು ತುಂಬುವ ಸೂಚನೆ ಕೊಟ್ಟಿತು. ಸರಿಯಾಗಿ ಆಗಲೇ ಮೀನು ವ್ಯಾಪಾರಿ ಚಕ್ರ ತಿರುಗಿಸಿದ, ಚಕ್ರ ಎಲ್ಲೋ ಒಂಚೂರು "ಕಿರ್" ಎಂದಿತು. ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ಸದ್ದು. ಮಾಮನಿಗೆ ಅಷ್ಟು ಸಾಕಾಯಿತು.

"ಒಂದ್ನಿಮಿಷ," ಎಂದವನೇ ಜೇಬಿನಿಂದ ಸ್ಪ್ಯಾನರು ಎಳೆದು, ಬಟ್ಟೆ ಎತ್ತಿ ಟೇಬಲ್ಲಿನ ಕೆಳಗೆ ನುಸುಳಿದ.

ನಟ್ಟು ಕಾಲು ಸುತ್ತು ಸಡಿಲವಾಗಿತ್ತು. ಬಿಗಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಬಿಗಿದಾಯಿತು, ಹೊರಗೆ ಬರಬಹುದಿತ್ತು. ಬರಲಿಲ್ಲ, ಪುಣ್ಯಾತ್ಮ! ಶರಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಕೆಂಪು ಕಣ್ಣಿನಲ್ಲಿ ಹೇಗೆ ಎದ್ದು ಬರುವುದು, ಒಂಚೂರು ಆರಲಿ ಎಂದ. ಆರಿತು. ಇಷ್ಟು ಹೊತ್ತು ಏನು ಮಾಡಿದಿರಿ ಎಂದು ಕೇಳಿದರೆ ಎಂಬ ಹೊಸ ಚಿಂತೆ ಹಿಡಿಯಿತು. ಹೊತ್ತು ಹೋದಷ್ಟೂ ಹೊರಬರುವುದು ಕಷ್ಟವಾಗುತ್ತ ಹೋಯಿತು. ಬಿಗಿದ ನಟ್ಟನ್ನೇ ಬಿಚ್ಚಿ ಮತ್ತೆ ಬಿಗಿದ.

ಮೇಲೆ ಮೀನು ವ್ಯಾಪಾರಿ, "ಅವರು ಹಾಗೇ ಬಿಡಿ, ಯಾರ ಜೊತೆನೂ ಸೇರಲ್ಲ. ಊಟಕ್ಕೆ ಕರೆದ್ರೂ ಸ್ಪ್ಯಾನರ್ ತರೋ ಆಸಾಮಿ" ಅಂದ. ನಗು ಕೇಳಿಸಿತು.

"ಬರ್ತಾರೆ, ಅವರ ಪಾಲು ನಾನು ಎತ್ತಿಟ್ಟಿದೀನಿ," ಅಂದಳು ಲಾಂಡ್ರಿಯಮ್ಮ.

ಚಕ್ರದ ಮೇಲೆ ತಟ್ಟೆ ಇಟ್ಟಾಗಲೆಲ್ಲ ಬೇರಿಂಗ್ ಒಂದು ಕೂದಲೆಳೆ ಕುಗ್ಗುವುದು ಅವನ ಬೆರಳಿಗೆ ತಿಳಿಯುತ್ತಿತ್ತು. ಭಾರವಾಗಿ ಬಂದದ್ದು ಮಾಂಸವಿರಬೇಕು, ಹಗುರವಾಗಿದ್ದು ಸೊಪ್ಪು, ಆಮೇಲೆ ನೂಡಲ್ಸು, ಕೊನೆಗೆ ಸಿಹಿಯ ಪುಟ್ಟ ಬಟ್ಟಲುಗಳು. ಹತ್ತು ಬಗೆಯ ಊಟದಲ್ಲಿ ಅರ್ಧವನ್ನು ಅವನು ಹೀಗೆ ಕೆಳಗಿನಿಂದಲೇ ಮುಗಿಸಿದ. ನಡುವೆ ಯಜಮಾನರು ಬಂದು ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೋದದ್ದೂ ಕೇಳಿಸಿತು.

ಕುರ್ಚಿಗಳು ಸರಿದ ಮೇಲೆ ಹೊರಬಂದ. ಮೀನಿನವರು ಆಗಲೇ ಮೆಟ್ಟಿಲ ಬಳಿ. ಲಾಂಡ್ರಿಯಮ್ಮ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವನ ತಟ್ಟೆಯಲ್ಲಿ ಎಲ್ಲವೂ ಒಂದೊಂದು ತುಂಡು, ಗೋಪುರದಂತೆ.

"ಸರಿ ಆಯ್ತಾ?"

"ಆಯ್ತು."

"ತಣ್ಣಗಾಗಿದೆ, ಆದ್ರೂ ತಿನ್ನಿ. ನಾನು ಕೂತಿರ್ತೀನಿ ಬೇಕಾದ್ರೆ. ನೀವು ಯಾವ ಬಸ್ಸಿಗೆ ಹೋಗೋದು? ನಂದು ಎದುರಿಗಿನ ಸ್ಟಾಪು, ಹಳೇ ಸೇತುವೆ ಕಡೆ."

ಅವನದೂ ಅದೇ ಬಸ್ಸು. ಹೇಳಬೇಕಾಗಿದ್ದು ಒಂದೇ ಮಾತು. ನಾಲಿಗೆ ತುದಿಯವರೆಗೆ ಅದು ಬಂದಿತ್ತು ಕೂಡ.

"ನೀವು ಹೊರಡಿ. ನಂಗಿನ್ನೂ ಒಂದೆರಡು ಟೇಬಲ್ ನೋಡೋದಿದೆ," ಅಂದ.

ಆಕೆ ಅವನ ಮುಖವನ್ನು ಒಂದು ಕ್ಷಣ ನೋಡಿದಳು. "ಸರಿ ಹಾಗಾದ್ರೆ. ಊಟ ಮಾತ್ರ ಬಿಡ್ಬೇಡಿ," ಎಂದು ಮೆಟ್ಟಿಲಿಳಿದಳು.

ಬಡಿಸುವ ಹೆಂಗಸು ಲೋಟ ಎತ್ತಲು ಬಂದು, "ಬೇರೆ ಟೇಬಲ್ ಏನಾಗಿದೆ ಮಾಮ? ಇವತ್ತು ಬೆಳಿಗ್ಗೆ ತಾನೇ ಎಲ್ಲಾ ನೋಡಿದ್ರಲ್ಲ?" ಅಂದಳು.

"ಏನೂ ಆಗಿಲ್ಲಮ್ಮ," ಅಂದ ಮಾಮ.

ಕಿಟಕಿಯಿಂದ ಬಸ್ ಸ್ಟಾಪು ಚೆನ್ನಾಗಿ ಕಾಣುತ್ತಿತ್ತು. ಬೆಂಚಿನ ಮೇಲೆ ಆಕೆ ಒಬ್ಬಳೇ, ಚೀಲ ತೊಡೆಯ ಮೇಲೆ. ಮೆಟ್ಟಿಲಿಳಿದು ರಸ್ತೆ ದಾಟಲು ಎರಡು ನಿಮಿಷ ಸಾಕು. ಬಸ್ಸು ಬರಲು ಹದಿಮೂರು ನಿಮಿಷ ಹಿಡಿಯಿತು. ಆ ಹದಿಮೂರು ನಿಮಿಷವೂ ಅವನು ಕಿಟಕಿಯ ಬಳಿ ನಿಂತೇ ಇದ್ದ. ಬಸ್ಸು ಆಕೆಯನ್ನು ಹತ್ತಿಸಿಕೊಂಡು ತಿರುವಿನಲ್ಲಿ ಮರೆಯಾದ ಮೇಲೆ ಇಳಿದು, ರಸ್ತೆ ದಾಟಿ, ಅದೇ ಬೆಂಚಿನ ಮೇಲೆ ಕೂತು ಮುಂದಿನ ಬಸ್ಸಿಗೆ ಕಾದ.