ಬೀಗ ಹಾಕಿದ ಕೋಣೆಯಲ್ಲಿ ಹೊಡೆದುಕೊಂಡ ಫೋನು

ಕಳೆದ ವಾರ ನ್ಯಾಮತಿಯ ಗೊಬ್ಬರದಂಗಡಿಯಲ್ಲಿ ಕೆಟ್ಟುಹೋದ ರೌಟರೊಂದನ್ನು ಬಿಚ್ಚಿದೆ. ಒಳಗಿನಿಂದ ಸುಟ್ಟ ಧೂಳಿನ ವಾಸನೆ ಬಂತು. ಅದರ ಜೊತೆಗೇ ಯಜಮಾನ್ರು ನೆನಪಾದರು.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾಗಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಯಜಮಾನ್ರು ಎಂದು. ಇಂಟರ್‌ನೆಟ್ ಫೋನಿನ ಕೆಲಸವನ್ನು ಅರವತ್ತು ದಾಟಿದ ಮೇಲೆ ಕಲಿತು, ನನಗೂ ಕಲಿಸಿದರು. ಚನ್ನಗಿರಿಯ ಒಂದು ಖಾಸಗಿ ಆಸ್ಪತ್ರೆಗೆ ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಸಣ್ಣ ಕ್ಲಿನಿಕ್ಕುಗಳಿದ್ದವು. ನಾಲ್ಕೂ ಕಡೆಯ ಫೋನುಗಳನ್ನು ಜೋಡಿಸುವ ಕೆಲಸ ನಮಗೆ ಸಿಕ್ಕಿತು. ಜಗಳೂರಿನ ನರ್ಸ್ ಮೂರು ಅಂಕಿ ಒತ್ತಿದರೆ ಚನ್ನಗಿರಿಯ ಡಾಕ್ಟರ ಕೋಣೆಯಲ್ಲಿ ಫೋನ್ ಹೊಡೆದುಕೊಳ್ಳಬೇಕು. ಇಂಟರ್‌ನೆಟ್ ಕೈಕೊಟ್ಟರೆ ರೌಟರ್ ತಾನಾಗಿಯೇ ಪೂರ್ತಿ ನಂಬರ್ ಹಾಕಿ, ಲ್ಯಾಂಡ್‌ಲೈನಿನಲ್ಲಿ ಅದೇ ಕೋಣೆಗೆ ಕರೆ ಕಳಿಸಬೇಕು.

ಯಾವ ಕರೆ ಯಾವ ದಾರಿ ಹಿಡಿಯಬೇಕು ಎಂದು ಯಜಮಾನ್ರು ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ರೌಟರಿಗೆ ಕೈ ಹಾಕುವುದು ಆಮೇಲೆ. ಪರೀಕ್ಷಿಸುವ ರೀತಿಯಂತೂ ಅವರದೇ. ಇಂಟರ್‌ನೆಟ್ ವೈರ್ ಕಿತ್ತು ಕರೆ ಮಾಡುವುದು; ಆ ಕಡೆಯವರು ಹಲೋ ಅಂದರೆ ಸಾಲದು. "ನಿಮ್ಮ ಎದುರಿಗೆ ಏನೈತೆ ಹೇಳ್ರಿ" ಎಂದು ಕೇಳುತ್ತಿದ್ದರು. ಕ್ಯಾಲೆಂಡರೋ ತೂಕದ ಯಂತ್ರವೋ, ಕಂಡದ್ದನ್ನು ಅವರು ಹೇಳಬೇಕು. ಸರಿಯಾದ ಕೋಣೆ ಎಂದು ಖಾತ್ರಿಯಾದ ಮೇಲೇ ಟಿಕ್. ನಾನು ಬೆನ್ನ ಹಿಂದೆ ನಗುತ್ತಿದ್ದೆ. ಬುದ್ಧಿವಂತನೆಂಬ ಜಂಬ ನನಗೆ.

ಜಗಳೂರಿಗೆ ಹೋಗುವ ದಿನ ಅವರಿಗೆ ಜ್ವರ. "ವೈರ್ ಕಿತ್ತು ನೋಡ್ದೆ ಟಿಕ್ ಹಾಕ್ಬ್ಯಾಡ ತಮ್ಮಾ" ಎಂದು ನೋಟ್‌ಬುಕ್ ಕೊಟ್ಟು ಕಳಿಸಿದರು. ನಾನು ಆಸ್ಪತ್ರೆಯ ಹಳೆಯ ಪಟ್ಟಿ ನೋಡಿ ಡಾಕ್ಟರ ಲ್ಯಾಂಡ್‌ಲೈನ್ ನಂಬರ್ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಕರೆ ಸಲೀಸಾಗಿ ಹೋಯಿತು. ಬಸ್ಸಿಗೆ ಹೊತ್ತಾಗಿತ್ತು. ವೈರ್ ಕೀಳದೆಯೇ ಟಿಕ್ ಹಾಕಿ ಬಂದೆ. ನನ್ನನ್ನು ನಂಬಿ ಅವರು ಆಸ್ಪತ್ರೆಗೆ ಕೊಡುವ ಪರೀಕ್ಷೆಯ ವರದಿಗೆ ಸಹಿ ಹಾಕಿದರು.

ಎರಡು ತಿಂಗಳಾದ ಮೇಲೆ ರಸ್ತೆ ಅಗೆಯುವವರು ಜಗಳೂರಿನಲ್ಲಿ ಇಂಟರ್‌ನೆಟ್ ಕೇಬಲ್ ಕತ್ತರಿಸಿಬಿಟ್ಟರು. ಅದೇ ಮಧ್ಯಾಹ್ನ ಹಾವು ಕಚ್ಚಿದ ಕೂಲಿ ಹೆಂಗಸೊಬ್ಬಳನ್ನು ಕ್ಲಿನಿಕ್ಕಿಗೆ ತಂದರು. ಯಾವ ಇಂಜೆಕ್ಷನ್, ಎಷ್ಟು ಎಂದು ಡಾಕ್ಟರನ್ನೇ ಕೇಳಬೇಕು. ನರ್ಸ್ ಫೋನ್ ಮಾಡಿದಳು. ರಿಂಗ್ ಆಗುತ್ತಲೇ ಇತ್ತು. ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ಕಾದಳು, ಮತ್ತೆ ಮಾಡಿದಳು. ಡಾಕ್ಟರು ಕೋಣೆ ಬದಲಿಸಿ ವರ್ಷವಾಗಿತ್ತು. ಫೋನ್ ಹೊಡೆದುಕೊಂಡದ್ದು ಬೀಗ ಹಾಕಿದ ಹಳೆಯ ಕೋಣೆಯಲ್ಲಿ. ಕೊನೆಗೆ ಮೊಬೈಲಿನಲ್ಲಿ ಡಾಕ್ಟರು ಸಿಗುವ ಹೊತ್ತಿಗೆ ಆ ಹೆಂಗಸಿನ ಉಸಿರು ನಿಂತಿತ್ತು...

ಆಸ್ಪತ್ರೆಯವರು ನಮ್ಮಿಬ್ಬರನ್ನೂ ಕರೆಸಿ, ಪರೀಕ್ಷೆ ಮಾಡಿದ್ದು ಯಾರೆಂದು ಕೇಳಿದರು.

"ನಂದೇ ತಪ್ಪು ರೀ. ಸಹಿ ನಂದೈತಲ್ಲ" ಎಂದರು ಯಜಮಾನ್ರು.

ಪಕ್ಕದಲ್ಲೇ ನಿಂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೊರಗೆ ಬಂದ ಮೇಲೆ "ನಿಂಗಿನ್ನೂ ದುಡಿಯಾಕೆ ವಯಸ್ಸೈತೆ" ಅಂದರು, ಅಷ್ಟೇ. ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನನ್ನನ್ನು ಕರೆದರು. ಹೋದೆ.

ಹೋದ ವರ್ಷ ಅವರು ತೀರಿಕೊಂಡರು. ಮಾತನಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಇವ್ರು ಸರಿಯಾಗಿ ನೋಡಿದ್ರೆ ಆ ತಾಯಿ ಬದುಕ್ತಿದ್ಲಲ್ಲಪ್ಪಾ... ಅವ್ಳ ಮಕ್ಕಳ ಶಾಪ ನಮ್ ಮನೆಗೆ ತಟ್ಟತೈತೇನೋ ಅಂತ ಅಂಜಿಕಿ" ಎಂದು ಅತ್ತರು. ನಾನು ಸಮಾಧಾನ ಹೇಳಿ, ಕೊಟ್ಟ ಚಹಾ ಕುಡಿದು ಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಯಜಮಾನ್ರು ಇನ್ನಿಲ್ಲ, ಅವರ ಕಾಲು ಹಿಡಿಯುವ ಹೊತ್ತು ಮೀರಿಹೋಯಿತು. ಅಮ್ಮಾ, ಇದನ್ನು ನೀವು ಓದುತ್ತೀರೋ, ಯಾರಾದರೂ ಓದಿ ಹೇಳುತ್ತಾರೋ ತಿಳಿಯದು. ನಿಮ್ಮ ಮನೆಯವರು ತಪ್ಪು ಮಾಡಲಿಲ್ಲ. ಆ ಮಕ್ಕಳ ಶಾಪ ತಟ್ಟುವುದಿದ್ದರೆ ನನ್ನ ಮನೆಗೆ ತಟ್ಟಬೇಕು.