ಒಂದೇ ಹಂಡೆಯ ಕೆಂಪು

ನಮ್ಮ ಬಣ್ಣದ ಕಾಕಾನ ಬಲಗೈ ಮೊಣಕೈವರೆಗೂ ಕೆಂಪಗಿತ್ತು. ಅದು ಎಡಗೈ ಎಂದು ಅವ್ವ ಈಗಲೂ ವಾದಿಸುತ್ತಾಳೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಊಟಕ್ಕೆ ಕೂತಾಗ ಯಾರಾದರೂ ನಕ್ಕರೆ, "ಜರ್ಮನಿ ಉಪ್ಪಿನಕಾಯಿ, ಬೇಕೇನು?" ಎಂದು ಅದೇ ಕೈ ಚಾಚುತ್ತಿದ್ದರು. ಅಂದಮೇಲೆ ಬಲಗೈಯೇ ಇರಬೇಕು.

ಐವತ್ತರ ದಶಕದಲ್ಲಿ ಗಜೇಂದ್ರಗಡದ ನಮ್ಮ ನೇಕಾರರ ಓಣಿಗೆ ಮುಂಬಯಿ ಬಂದರಿನಿಂದ ಜರ್ಮನಿಯ ಬಣ್ಣ ತರಿಸುತ್ತಿದ್ದವರು ಅವರೇ. ಒಂದು ವರ್ಷ ಆಮದು ಸುಂಕ, ನಮ್ಮ ಓಣಿಯ ಮಾತಿನಲ್ಲಿ ಜಕಾತಿ, ಏರಿ, ಕೆಂಪಿನ ಡಬ್ಬಿ ಯಾರ ಕೈಗೂ ಎಟುಕದಂತಾಯಿತು. ಅವ್ವ ನೇಯಲು ಒಪ್ಪಿಕೊಂಡಿದ್ದ ಮದುವೆ ಸೀರೆಗೆ ಕೆಂಪೇ ಬೇಕು. ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಓಣಿಯೆಲ್ಲ ಇದೇ ಚಿಂತೆ.

"ಇದ್ದ ಡಬ್ಬಿ ಮುಚ್ಚಿಡ್ರಿ, ರೇಟು ಇನ್ನೂ ಏರತೈತಿ" ಎಂದು ಕಾಕಾನಿಗೆ ಹೇಳಿದರು ಪೇಟೆಯ ವ್ಯಾಪಾರಿಗಳು.

"ಬಣ್ಣ ಡಬ್ಬ್ಯಾಗ ಕುಂತರ ಉಡಾವ್ರ ಯಾರು?" ಎಂದರು ಕಾಕಾ.

ಮನೆಮನೆಯಲ್ಲೂ ನೂಲು ಅದ್ದಿ, ಉಳಿದ ಬಣ್ಣದ ನೀರನ್ನು ಗಟಾರಕ್ಕೆ ಚೆಲ್ಲುವುದು ರೂಢಿ. ಕಾಕಾ ಗಟಾರದ ದಂಡೆಯಲ್ಲಿ ನಿಂತು, "ಜಕಾತಿ ಕಟ್ಟಿದ ಬಣ್ಣ ಹ್ಯಾಂಗ ಹರದ ಹೊಂಟೈತಿ ನೋಡ್ರಿ!" ಎಂದರು. ಮರುದಿನವೇ ಅವರ ಹಿತ್ತಲಲ್ಲಿ ದೊಡ್ಡ ಹಂಡೆ ಒಲೆ ಏರಿತು. ಇನ್ನು ಡಬ್ಬಿ ಮಾರುವುದಿಲ್ಲ, ಎಲ್ಲರ ನೂಲನ್ನೂ ಒಟ್ಟಿಗೆ ಅದ್ದಿ ಕೊಡುತ್ತೇನೆ ಎಂದರು.

ಅವ್ವ ಎದುರುಮನೆಯವಳನ್ನು ನೋಡಿ, "ನನ್ನ ನೂಲು ಆಕಿ ನೂಲಿನ ಕೂಡ ಕುದೀಬೇಕೇನ್ರಿ ಕಾಕಾರ?" ಎಂದಳು.

"ಕುದೀಲಿ ತಗೀವಾ, ನೀವಿಬ್ಬರೂ ದಿನಾ ಕುದೀತೀರಲ್ಲ!"

ಕೆಂಪು ಚೆನ್ನಾಗಿ ಹಿಡಿಯಿತು. ಆದರೆ ನೂಲಿನ ಲಡಿಗಳಿಗೆ ಗುರುತು ಹಾಕುವುದನ್ನು ಕಾಕಾ ಸೇರಿ ಎಲ್ಲರೂ ಮರೆತಿದ್ದರು. ಒಣಹಾಕಿದ ಹಗ್ಗದ ತುಂಬ ಒಂದೇ ಕೆಂಪು, ಯಾರದು ಯಾವುದು? ಹೆಂಗಸರು ಜಗ್ಗಾಡತೊಡಗಿದರು.

"ಹರೀಬ್ಯಾಡ್ರೆವಾ! ಲಡಿ ಕಟ್ಟಿದ ಗಂಟು ನೋಡ್ರಿ. ಅತ್ತಿ ಕಲಿಸಿದ ಗಂಟು ಯಾರಿಗೆ ಮರೀತೈತಿ?" ಎಂದರು ಕಾಕಾ.

ಖರೇ ಆಯಿತು. ಒಬ್ಬೊಬ್ಬರೂ ತಮ್ಮ ಅತ್ತೆಯ ಗಂಟು ಹುಡುಕಿಕೊಂಡರು. "ನಿಮ್ಮತ್ತೀ ಗಂಟು ಆಕೀ ಮಾರಿಹಂಗ ಬಿಗೀ ಐತೆಲ್ಲ" ಎಂದಳು ಎದುರುಮನೆಯವಳು. ಮೊದಲು ನಕ್ಕವಳು ಅವ್ವನೇ.

ಮದುವೆ ಸೀರೆ ಹೊತ್ತಿಗೆ ಸರಿಯಾಗಿ ಹೋಯಿತು. ಹಂಡೆಯಲ್ಲಿ ಉಳಿದ ತಿಳಿಗೆಂಪು ನೀರಿಗೆ ಕಾಕಾ ಮತ್ತೊಂದಷ್ಟು ನೂಲು ಇಳಿಸಿದರು. ಗುಲಾಬಿ ಬಣ್ಣ ಬಂತು. ಆ ನೂಲಿನಿಂದ ಅವ್ವ ನೇಯ್ದ ಸೀರೆಯುಟ್ಟೇ ನಾನು ಧಾರವಾಡದ ಕಾಲೇಜು ಮೆಟ್ಟಿಲು ಹತ್ತಿದ್ದು.

ನಾನು ಅಲ್ಲಿ ಓದುತ್ತಿದ್ದಾಗಲೇ ಕಾಕಾ ತೀರಿಕೊಂಡರು. ರಜೆಗೆ ಬಂದಾಗ ಅವ್ವ ಹೇಳಿದಳು: "ಜಕಾತಿ ಏರಿದಾಗ ಓಣ್ಯಾಗ ಒಂದ ಮಗ್ಗಾನೂ ನಿಂದರಲಿಲ್ಲ. ಅವ್ರು ಹೋದ ದಿನ ಮಾತ್ರ ಎಲ್ಲಾ ನಿಂತಿದ್ದುವು ನೋಡು."