ಸರ್ವರ್ ರೂಮಿನ ಹತ್ತೂವರೆ ಗಂಟೆ

ನೇತ್ರಾವತಿಯ ಅಪ್ಪ ಕರಿಬಸವಯ್ಯ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವರು. ಚೇಳೂರಿನ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಅಂತ ಬರೆದಿಡುವುದೇ ಅವರ ಕೆಲಸ. ಮಗಳು ತುಮಕೂರಿನ ಲ್ಯಾಬೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತಾಳೆ ಅಂದರೆ ನೆಂಟರೆಲ್ಲ ಅದೇನೋ ಘನಂದಾರಿ ವಿದ್ಯೆ ಅಂದುಕೊಂಡಿದ್ದಾರೆ. ಅವಳನ್ನೇ ಕೇಳಿದರೆ, “ಅಪ್ಪ ಮಾಡ್ತಿದ್ದುದ್ನೇ ಮಾಡ್ತಿದೀನಿ, ಕುರ್ಚಿ ಮಾತ್ರ ಮೆತ್ತಗಿದೆ” ಅನ್ನುತ್ತಾಳೆ. ಕಂಪ್ಯೂಟರು ಎದ್ದಿದ್ದು, ಮಲಗಿದ್ದು, ಯಾರು ಅದಕ್ಕೆ ಏನು ಹೇಳಿದರು ಅನ್ನುವುದೆಲ್ಲ ಅದರ ಈವೆಂಟ್ ಲಾಗ್‌ನಲ್ಲಿ ಗಂಟೆ ನಿಮಿಷದ ಸಮೇತ ದಾಖಲಾಗುತ್ತದೆ. ಅದನ್ನು ಓದುವುದರಲ್ಲಿ ಹದಿನೈದು ವರ್ಷ ಸವೆಸಿದವಳು ನೇತ್ರಾವತಿ.

ಲ್ಯಾಬಿಗೆ ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಕೌಂಟರ್ ಇದೆ. ರಕ್ತ ಎಲ್ಲೇ ತೆಗೆದರೂ ರಿಪೋರ್ಟು ಬರಬೇಕಾದ್ದು ತುಮಕೂರಿನ ಸರ್ವರಿನಿಂದಲೇ. ಆ ಒಂದು ದೊಡ್ಡ ಮೆಷಿನ್ನಿನೊಳಗೆ ಎರಡು ವರ್ಚುವಲ್ ಮೆಷಿನ್‌ಗಳು ಓಡುತ್ತವೆ. ಒಂದೇ ಮನೆಯಲ್ಲಿ ಎರಡು ಬಾಡಿಗೆ ಸಂಸಾರ ಇದ್ದ ಹಾಗೆ. ಒಂದರಲ್ಲಿ ರಿಪೋರ್ಟು, ಇನ್ನೊಂದರಲ್ಲಿ ಆಫೀಸಿನ ಹಾಜರಾತಿ. ಜೂನ್‌ನಲ್ಲಿ ಹಳೆಯ ಮೆಷಿನ್ ತೆಗೆದು ಹೊಸದನ್ನು ಕೂರಿಸಿದ್ದಳು. ಕೂರಿಸಿದ ಮರುವಾರದಿಂದ ಶುರುವಾಯಿತು ಕಾಟ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ರಿಪೋರ್ಟಿನ ಮೆಷಿನ್ ಮಲಗಿಬಿಡುವುದು, ಇಪ್ಪತ್ತು ನಿಮಿಷ ಬಿಟ್ಟು ತಾನೇ ಏಳುವುದು. ಕುಣಿಗಲ್ ಕೌಂಟರಿನ ಮುತ್ತುರಾಜ್ ಫೋನ್ ಮಾಡಿ, “ಅಕ್ಕಾ, ಇಲ್ಲಿ ಜನ ನನ್ ತಿಂದಾಕ್ತಾವ್ರೆ” ಅನ್ನುವನು.

ಲ್ಯಾಬಿನ ಮಾಲೀಕ ಲಕ್ಷ್ಮೀನರಸಿಂಹಯ್ಯನವರಿಗೆ ಕಾರಣ ಹುಡುಕಲು ಲಾಗ್ ಬೇಕಿರಲಿಲ್ಲ. ಸರ್ವರ್ ರೂಮಿನ ನೆಲ ಒರೆಸುವ ಹೊಂಬಾಳಮ್ಮ ಒಳಗೆ ಹೋಗುವುದು ಸೋಮವಾರ ಮತ್ತು ಗುರುವಾರ, ಹತ್ತು ಗಂಟೆಯ ಮೇಲೆ. ಮೊಬೈಲ್ ಚಾರ್ಜಿಗೆ ಹಾಕುವುದೂ ಅಲ್ಲೇ.

“ಅವ್ಳೇ ಪ್ಲಗ್ ಕಿತ್ತು ಚಾರ್ಜ್‌ಗೆ ಹಾಕ್ತಾಳೆ, ಆಮೇಲೆ ಸಿಗಿಸ್ತಾಳೆ. ಲಾಗ್‌ನಲ್ಲಿ ಬೇರೆ ಏನಾದ್ರೂ ಇದೆಯೇನಮ್ಮ?”

“ಏನೂ ಸಿಗ್ತಿಲ್ಲ ಸರ್,” ಅಂದಳು ನೇತ್ರಾವತಿ.

ಆ ಒಂದು ಮಾತಿನ ಮೇಲೆ ಹೊಂಬಾಳಮ್ಮನ ಹನ್ನೊಂದು ವರ್ಷದ ಕೆಲಸ ಹೋಯಿತು. ನಾಳೆಯಿಂದ ಬರಬೇಡ ಅಂದರು. ಆಕೆ ಚಾರ್ಜರ್ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾ ನೇತ್ರಾವತಿಯ ಕಡೆ ಒಂದು ಸಲ ನೋಡಿದಳು, ಅಷ್ಟೇ.

ನೇತ್ರಾವತಿಗೆ ಗೊತ್ತಿತ್ತು. ಪ್ಲಗ್ ಕಿತ್ತಿದ್ದರೆ ದೊಡ್ಡ ಮೆಷಿನ್ನೇ ನಿಂತು ಹಾಜರಾತಿಯೂ ಮಲಗಬೇಕಿತ್ತು. ಅದು ಮಲಗಿರಲಿಲ್ಲ. ಬಾಯಿ ಬಿಟ್ಟಿದ್ದರೆ, ಹಾಗಾದ್ರೆ ಇನ್ಯಾರು ಅಂತ ಕೇಳುತ್ತಿದ್ದರು, ಅದಕ್ಕೆ ಉತ್ತರ ಇರಲಿಲ್ಲ. ಹದಿನೈದು ವರ್ಷದ ಅನುಭವಕ್ಕೆ ಗೊತ್ತಿಲ್ಲ ಅನ್ನುವಷ್ಟೂ ಧೈರ್ಯ ಬರದಿದ್ದರೆ ಅದನ್ನು ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಬೇಕೋ.

ಮುಂದಿನ ಸೋಮವಾರ ಹೊಂಬಾಳಮ್ಮ ಇರಲಿಲ್ಲ. ಹತ್ತೂವರೆಗೆ ಮೆಷಿನ್ ಮಲಗಿತು.

ನೇತ್ರಾವತಿ ಊಟಕ್ಕೂ ಏಳದೆ ಲಾಗ್ ಮುಂದೆ ಕೂತಳು. ಮಲಗಿದ ಮೆಷಿನ್ನಿನ ಲಾಗ್ ಮೊದಲು ತೆಗೆದಳು. ಕರೆಂಟ್ ಹೋಗಿ ನಿಂತ ಮೆಷಿನ್ನಿಗೆ ಏನನ್ನೂ ಬರೆಯಲು ಪುರುಸೊತ್ತು ಇರುವುದಿಲ್ಲ. ಎದ್ದ ಮೇಲೆ, ಹಿಂದಿನ ಸಲ ಹೇಳದೆ ಕೇಳದೆ ನಿಂತಿದ್ದೆ ಅಂತ ಬರೆಯುತ್ತದೆ. ಇದು ಹಾಗಲ್ಲದೆ, ಒಂದೊಂದೇ ಕೆಲಸ ಮುಗಿಸಿ ಶಿಸ್ತಾಗಿ ಮಲಗಿತ್ತು. ಅಂದರೆ ಯಾರೋ ಮಲಗು ಅಂದಿದ್ದರು. ಹಾಗೆ ಅನ್ನಬಹುದಾದ್ದು ದೊಡ್ಡ ಮೆಷಿನ್ ಒಂದೇ. ಅದರ ಲಾಗ್‌ನಲ್ಲಿ ಬೆಳಿಗ್ಗೆ ಹತ್ತೂವರೆಯ ಸಾಲು ಖಾಲಿ. ಹಿಂದಿನ ಸಲವೂ ಅವಳು ಇಲ್ಲಿಗೇ ಬಂದು ಕೈಚೆಲ್ಲಿದ್ದು.

ಆಗ ಅಪ್ಪ ನೆನಪಾದರು. ಯಾವ ಡ್ರೈವರ್ ಹೆಸರಿನ ಮುಂದಾದರೂ ಲೇಟ್ ಅಂತ ಬರೆಯುವ ಮುಂಚೆ ಅವರು ತಮ್ಮ ಕೈಗಡಿಯಾರವನ್ನು ಗೋಡೆ ಗಡಿಯಾರದ ನೇರಕ್ಕೆ ಹಿಡಿದು ನೋಡುತ್ತಿದ್ದರು. ಬಸ್ಸಿನ ತುಂಬ ಜನ ಕಾಯುತ್ತಿದ್ದರೂ ಸರಿಯೇ.

ನೇತ್ರಾವತಿ ದೊಡ್ಡ ಮೆಷಿನ್ನಿನ ಪರದೆಯ ಮೂಲೆಯ ಗಡಿಯಾರ ನೋಡಿದಳು. ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಅದು ನಡುರಾತ್ರಿ ಒಂದೂವರೆ ತೋರಿಸುತ್ತಿತ್ತು. ಕಂಪನಿಯಿಂದ ಬಂದಾಗಿನ ಅಮೆರಿಕದ ವೇಳೆಯಲ್ಲೇ ಅದು ಓಡುತ್ತಿತ್ತು, ಅದನ್ನು ಬದಲಿಸಲು ಅವಳೇ ಮರೆತಿದ್ದಳು. ಭಾನುವಾರ ಮತ್ತು ಬುಧವಾರ ರಾತ್ರಿ ಹತ್ತಕ್ಕೆ ರಿಪೋರ್ಟಿನ ಮೆಷಿನ್ ಮಲಗಿಸಿ, ನಕಲು ತೆಗೆದಿಟ್ಟು, ಮತ್ತೆ ಎಬ್ಬಿಸು ಅನ್ನುವ ಆದೇಶವನ್ನು ಹಳೆಯ ಸರ್ವರಿನಿಂದ ತಂದು ಹಾಕಿದ್ದವಳೂ ಅವಳೇ. ಅಲ್ಲಿ ಭಾನುವಾರ ರಾತ್ರಿ ಹತ್ತು ಅಂದರೆ ಇಲ್ಲಿ ಸೋಮವಾರ ಬೆಳಿಗ್ಗೆ ಹತ್ತೂವರೆ. ರಾತ್ರಿ ಹತ್ತರ ಆ ಸಾಲು ದೊಡ್ಡ ಮೆಷಿನ್ನಿನ ಲಾಗ್‌ನಲ್ಲಿ ಮೊದಲಿನಿಂದಲೂ ಇತ್ತು. ಯಾವಾಗಲೂ ನೋಡುವ ನಕಲಿನ ಕೆಲಸ ಅಂತ ದಾಟಿಕೊಂಡು ಹೋಗಿದ್ದಳು.

ಗಡಿಯಾರ ಸರಿಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಯಾರಿಗೂ ಹೇಳದೆ ಬಿಡಬಹುದಿತ್ತು. ಸಮಸ್ಯೆ ತಾನಾಗಿ ನಿಂತಿತು ಅಂತ ಎಲ್ಲರೂ ನಂಬುತ್ತಿದ್ದರು. ಅವಳು ಆ ಸಾಲನ್ನು ಪ್ರಿಂಟ್ ತೆಗೆದು ಮಾಲೀಕರ ಮೇಜಿನ ಮೇಲಿಟ್ಟಳು.

“ಮಲಗ್ಸಿದವ್ರ ಹೆಸರು ಇದರಲ್ಲೇ ಇದೆ ಸರ್. ನಂದು.”

ಅವರು ಎರಡು ಸಲ ಓದಿದರು. ಬೈಯಲು ಬಾಯಿ ತೆರೆದವರು ಯಾಕೋ ಕನ್ನಡಕ ತೆಗೆದು ಒರೆಸಿಕೊಂಡರು. “ಆಯಮ್ಮಂಗೆ ಬರಕ್ ಹೇಳಮ್ಮ,” ಅಂದರು.

ಫೋನಿನಲ್ಲಿ ಹೇಳುವ ಮಾತಲ್ಲ ಅಂತ ನೇತ್ರಾವತಿ ಸ್ಕೂಟರಿನಲ್ಲಿ ಹೊಂಬಾಳಮ್ಮನ ಮನೆಗೇ ಹೋದಳು. ಆಕೆ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಒಂದೇ ಒಂದು ಮಾತು ಕೇಳಿದಳು.

“ನಾನು ಕಿತ್ತಿಲ್ಲ ಅಂತ ಅವತ್ತೇ ಗೊತ್ತಿತ್ತಾ ಮೇಡಮ್?”

“ಗೊತ್ತಿತ್ತು ಕಣಮ್ಮ.”

ಹೊಂಬಾಳಮ್ಮ ಇನ್ನೂ ನಾಲ್ಕು ಕಾಯಿ ಬಿಡಿಸಿದಳು. “ಗುರುವಾರ ಬತ್ತೀನಿ ಬುಡಿ,” ಅಂದಳು.

ಗುರುವಾರ ಬಂದಳು. ಹತ್ತಕ್ಕೆ ಬಕೆಟ್ ಹಿಡಿದು ಸರ್ವರ್ ರೂಮಿನ ಬಾಗಿಲ ತನಕ ಹೋಗಿ ನಿಂತುಬಿಟ್ಟಳು.

“ನೀವೂ ಬನ್ನಿ ಮೇಡಮ್. ಒಳಕ್ಕೆ ನಾನೊಬ್ಳೇ ಹೋಗಲ್ಲ.”

ಸೋಮವಾರ ಮತ್ತು ಗುರುವಾರ ಹತ್ತಾಯಿತೆಂದರೆ ನೇತ್ರಾವತಿ ಈಗಲೂ ಎದ್ದು ಹೋಗುತ್ತಾಳೆ. ಹೊಂಬಾಳಮ್ಮ ನೆಲ ಒರೆಸಿ ಮುಗಿಸುವವರೆಗೂ ಬಾಗಿಲಲ್ಲಿ ನಿಂತಿರುತ್ತಾಳೆ.